ಗ್ಯಾಸಿನ ಮಾತ್ರೆ ಕೇಳಿದರೆ ಸ್ಟೂಲು ಕೊಡುತ್ತಿದ್ದವರು

ಸೊರಬದ ಬಸ್‌ಸ್ಟ್ಯಾಂಡಿನ ಸಮೀಪ ನಾನು ಒಂಬತ್ತು ವರ್ಷ ಕೆಲಸ ಮಾಡಿದ ಮೆಡಿಕಲ್ ಅಂಗಡಿಯಲ್ಲಿ ಜ್ವರದ ಮಾತ್ರೆ ಕೇಳಿದರೆ ಸಿಗುತ್ತಿತ್ತು, ತಲೆನೋವಿನದು ಸಿಗುತ್ತಿತ್ತು, ಗ್ಯಾಸಿನ ಮಾತ್ರೆ ಮಾತ್ರ ಕೇಳಿದ ಕೂಡಲೇ ಸಿಗುತ್ತಿರಲಿಲ್ಲ. ಅದನ್ನು ಕೇಳಿದವರು ಮೊದಲು ಯಜಮಾನರ ನಾಲ್ಕಾರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು.

"ಯಾರಿಗೆ?" ಎಂಬುದು ಮೊದಲ ಪ್ರಶ್ನೆ. "ನಂಗೇ" ಎಂದರೆ ಅವರು ಕನ್ನಡಕವನ್ನು ಹಣೆಗೆ ಏರಿಸಿ, ಕೇಳಿದವರ ಮುಖವನ್ನು ಒಂದು ಗಳಿಗೆ ನೋಡುತ್ತಿದ್ದರು. "ಎಲ್ಲಿ? ಕೈ ಇಟ್ಟು ತೋರ್ಸಿ ನೋಡಣ." ಕೆಲವರು ಹೊಟ್ಟೆಯ ಮೇಲೆ ಒಂದು ಬೆರಳಿಟ್ಟು ತೋರಿಸುತ್ತಿದ್ದರು. ಕೆಲವರು ಅಂಗೈ ಅಗಲಿಸಿ ಎದೆಯ ನಡುವೆ ಇಡುತ್ತಿದ್ದರು, ಇಲ್ಲವೇ ಮುಷ್ಟಿ ಹಿಡಿದು ಒತ್ತಿಕೊಳ್ಳುತ್ತಿದ್ದರು. ಹಾಗೆ ಒತ್ತಿಕೊಂಡದ್ದೇ ತಡ, ಯಜಮಾನರು ಕೌಂಟರಿನ ಹಲಗೆ ಎತ್ತಿ, "ಬರ್ರಿ, ಒಳಗೆ ಬಂದು ಕೂತ್ಕಳ್ರಿ" ಎಂದು ಸ್ಟೂಲು ಎಳೆಯುತ್ತಿದ್ದರು. ಯಾವಾಗಿನಿಂದ? ನಡೆದರೆ ಜಾಸ್ತಿಯಾಗುತ್ತದಾ? ಭುಜಕ್ಕೋ ದವಡೆಗೋ ಬೆನ್ನಿಗೋ ಹೋಗುತ್ತದಾ? ಬೆವರು ಬಂತಾ? ಉಸಿರು ಕಟ್ಟಿದ ಹಾಗಿದೆಯಾ? ಶುಗರ್ ಇದೆಯಾ? ಉತ್ತರ ಪೂರ್ತಿ ಆಗುವುದರೊಳಗೆ ಎದುರಿನ ಸ್ಟ್ಯಾಂಡಿನ ಆಟೋ ಬಂದು ನಿಂತಿರುತ್ತಿತ್ತು. ಸರ್ಕಾರಿ ಆಸ್ಪತ್ರೆ ಐದು ನಿಮಿಷದ ದಾರಿ. ಒಬ್ಬರೇ ಬಂದವರಾದರೆ ಜೊತೆಗೆ ತಾವೂ ಆಟೋ ಹತ್ತುತ್ತಿದ್ದರು.

ಅವರು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಹೆಸರು ಬರೆಯುವುದು ಬೇಡ ಎಂದು ಅವರ ಹೆಂಡತಿ ಕೇಳಿಕೊಂಡಿದ್ದಾರೆ. ಅಂಗಡಿಯಲ್ಲಿ ನಾನು ಅವರನ್ನು ಸರ್ ಎನ್ನುತ್ತಿದ್ದೆ. ಊರಿನವರು ಎದುರಿಗೆ ಅಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ 'ಇಸಿಜಿ' ಎನ್ನುತ್ತಿದ್ದರು. ಆ ಅಡ್ಡಹೆಸರು ಅವರಿಗೆ ಗೊತ್ತಿತ್ತು.

ನಾನು ಫಾರ್ಮಸಿ ಡಿಪ್ಲೊಮಾ ಮುಗಿಸಿ ಅವರಲ್ಲಿ ಕೆಲಸಕ್ಕೆ ಸೇರಿದ ವಾರದಲ್ಲೇ ಒಂದು ಜಗಳ ನೋಡಿದೆ. ಅಡಿಕೆ ಗೊನೆ ಇಳಿಸುವ ಕೆಲಸದವರೊಬ್ಬರು ಹಿಂದಿನ ದಿನ ಗ್ಯಾಸಿನ ಮಾತ್ರೆ ಕೇಳಿ ಬಂದಿದ್ದರು. ಸರ್ ಬಿಡದೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಇಸಿಜಿ ಮಾಡಿ, ರಕ್ತ ಪರೀಕ್ಷೆ ಮಾಡಿ, ನಾಲ್ಕು ಗಂಟೆ ಕೂರಿಸಿಕೊಂಡು, ಮತ್ತೊಂದು ಸಲ ಇಸಿಜಿ ಮಾಡಿ, ಏನೂ ತೊಂದರೆಯಿಲ್ಲ ಎಂದು ಕಳಿಸಿದ್ದರಂತೆ. ಮಾರನೆಯ ದಿನ ಆತ ಅಂಗಡಿ ಮುಂದೆ ನಿಂತು ರೇಗಿದರು.

"ಒಂದಿನದ ಕೆಲ್ಸ ಹಾಳು ಮಾಡಿದ್ರಿ ನೀವು. ಹಿಂದಿನ ರಾತ್ರಿ ಮೆಣಸಿನ್ಕಾಯಿ ಬೋಂಡ ತಿಂದಿದ್ದೆ ಅಂತ ಬಡ್ಕಂಡೆ. ಕೇಳಿದ್ರಾ?"

"ಕೇಳಿದ್ನಲ್ಲ."

"ಮತ್ತೆ? ಏನಿಲ್ಲ ಅಂದ್ರು ಡಾಕ್ಟ್ರು. ಎಲ್ಲಾರೂ ನಗ್ತಿದಾರೆ ನನ್ನ ನೋಡಿ."

"ಏನಿಲ್ಲ ಅಂದ್ರಾ? ಒಳ್ಳೇದಾಯ್ತಲ್ರೀ" ಎಂದು ಸರ್ ನಿಜವಾಗಿ ಸಂತೋಷಪಟ್ಟರು. "ಏನಿಲ್ಲ ಅಂತ ಕೇಳಕ್ಕೇ ಹೋಗದು ಆಸ್ಪತ್ರೆಗೆ. ಏನೋ ಇದೆ ಅಂತ ಕೇಳಕ್ಕೆ ಯಾರು ಹೋಗ್ತಾರೆ?" ಆಮೇಲೆ ಆತ ಕೇಳಿದ್ದ ಗ್ಯಾಸಿನ ಮಾತ್ರೆಯನ್ನು, ಈಗ ಡಾಕ್ಟರ ಚೀಟಿಯೂ ಇತ್ತಲ್ಲ, ಕವರಿಗೆ ಹಾಕಿ ಕೊಟ್ಟರು. ಆ ಮನುಷ್ಯ ಗೊಣಗುತ್ತಲೇ ತೆಗೆದುಕೊಂಡು ಹೋದರು.

ನನಗೆ ಮುಜುಗರವಾಗಿತ್ತು. ಹೀಗೆ ಗಿರಾಕಿಗಳನ್ನು ಆಸ್ಪತ್ರೆಗೆ ಸಾಗಿಸಿದರೆ ಅಂಗಡಿಗೆ ಯಾರು ಬರುತ್ತಾರೆ ಎಂದುಕೊಂಡೆ. ನನ್ನ ಮುಖ ನೋಡಿ ಅವರೇ ಹೇಳಿದರು: "ನೋಡು ತಂಗಿ, ನಾವು ಡಾಕ್ಟ್ರಲ್ಲ. ಇದು ಹಾರ್ಟು ಅಂತ ಹೇಳಕ್ಕೂ ನಮಗೆ ಬರಲ್ಲ, ಅಲ್ಲ ಅಂತ ಹೇಳಕ್ಕೂ ಬರಲ್ಲ. ಬರಲ್ಲ ಅಂದ್ಮೇಲೆ ಬರೋರ ಹತ್ರ ಕಳಿಸ್ಬೇಕು. ನಮ್ಮ ಬಾಯಲ್ಲಿ 'ಏನಿಲ್ಲ' ಅನ್ನೋ ಮಾತು ಬರಂಗಿಲ್ಲ, ಅಷ್ಟೇ."

ಅವರದು ಕುಬಟೂರಿನ ಕಡೆ, ಕುರಿ ಸಾಕುವ ಮನೆ. ಓದಿದ್ದು ಆ ಮನೆಯಲ್ಲಿ ಇವರೊಬ್ಬರೇ. ಹೈಸ್ಕೂಲು ಮುಗಿಯುವವರೆಗೂ ರಜೆಯಲ್ಲಿ ಅಪ್ಪನ ಜೊತೆ ಕುರಿ ಕಾಯುತ್ತಿದ್ದರಂತೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಆ ಕಥೆ ಹೇಳುತ್ತಿದ್ದರು. ಮಂದೆಯಲ್ಲಿ ಯಾವ ಕುರಿಗೆ ಹುಷಾರಿಲ್ಲ ಎಂದು ಅವರ ಅಪ್ಪ ದೂರದಿಂದಲೇ ಹೇಳುತ್ತಿದ್ದರಂತೆ. ಮೇಯುವುದನ್ನು ಬಿಟ್ಟು ನಿಂತದ್ದು, ಕಿವಿ ಇಳಿಬಿಟ್ಟದ್ದು, ಗುಂಪಿನಿಂದ ಎರಡು ಹೆಜ್ಜೆ ಹಿಂದೆ ಉಳಿದದ್ದು. "ಕುರಿ ಬಾಯಿಬಿಟ್ಟು ಹೇಳಲ್ಲ ನೋಡು, ನಾವೇ ನೋಡ್ಬೇಕು. ಮನುಷ್ಯರು ಬಾಯಿಬಿಟ್ಟು ಸುಳ್ಳು ಹೇಳ್ತಾರೆ, ಅದಕ್ಕೆ ಇನ್ನೂ ಜಾಸ್ತಿ ನೋಡ್ಬೇಕು" ಎಂದು ನಗುತ್ತಿದ್ದರು.

ಅವರು ನೋಡುವುದನ್ನು ನಾನೂ ನೋಡಿ ಕಲಿತೆ. ಬಸ್ಸಿಳಿದು ಅಂಗಡಿಯವರೆಗೆ ಬರುವ ಹತ್ತು ಹೆಜ್ಜೆಯಲ್ಲಿ ಯಾರು ನಡುವೆ ನಿಂತರು, ಯಾರು ಕೌಂಟರಿಗೆ ಕೈಯೂರಿ ಮಾತಾಡುತ್ತಿದ್ದಾರೆ, ತಂಪು ಹೊತ್ತಿನಲ್ಲೂ ಯಾರ ಕತ್ತು ಒದ್ದೆಯಾಗಿದೆ. ನೋವು ಒಂದು ಕಡೆ ಬೆರಳಿಟ್ಟು ತೋರಿಸುವಂತಿದ್ದರೆ, ಒತ್ತಿದಾಗ ಹೆಚ್ಚಾದರೆ, ಅದು ಮಾಂಸಖಂಡದ್ದೇ ಇರಬಹುದು ಎಂದು ನಾನು ಪುಸ್ತಕದಲ್ಲಿ ಓದಿದ್ದನ್ನು ಒಮ್ಮೆ ಜಂಬದಿಂದ ಹೇಳಿದೆ. "ಇರಬೋದು" ಎಂದರು. "ಇರಬೋದು ಅನ್ನೋದು ಒಳ್ಳೇ ಮಾತು. ಇದೆ ಅನ್ಬೇಡ."

ಗಂಭೀರ ಮನುಷ್ಯರೆಂದು ತಿಳಿಯಬಾರದು. ಓದು ಬಾರದವರಿಗೆ ಮಾತ್ರೆಯ ಕವರಿನ ಮೇಲೆ ಅವರು ಚಿತ್ರ ಬರೆದು ಕೊಡುತ್ತಿದ್ದರು. ಬೆಳಗಿನ ಮಾತ್ರೆಗೆ ಹುಂಜ, ಮಧ್ಯಾಹ್ನದ್ದಕ್ಕೆ ಊಟದ ತಟ್ಟೆ, ರಾತ್ರಿಯದಕ್ಕೆ ಚಂದ್ರ. ಚಂದ್ರ, ತಟ್ಟೆ ಪರವಾಗಿಲ್ಲ. ಹುಂಜ ಮಾತ್ರ ಪ್ರತಿ ಸಲವೂ ಕಾಗೆಯ ಹಾಗೆ ಬರುತ್ತಿತ್ತು. "ಅಣ್ಣ, ಕಾಗೆ ಕೂಗೋ ಹೊತ್ತಿಗೆ ತಗಳದಾ?" ಎಂದು ಒಬ್ಬ ಅಜ್ಜಿ ಕೇಳಿದ ಮೇಲೆ ವಾರವಿಡೀ ರಟ್ಟಿನ ಚೂರುಗಳ ಮೇಲೆ ಹುಂಜ ಬರೆದು ಅಭ್ಯಾಸ ಮಾಡಿದರು. ಜುಟ್ಟು ದೊಡ್ಡದಾಯಿತು, ಹಕ್ಕಿ ಕಾಗೆಯಾಗಿಯೇ ಉಳಿಯಿತು. ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಿದ್ದರು, ಸಕ್ಕರೆ ಹಾಕಿದ ನನ್ನ ಲೋಟದಲ್ಲಿ ಬಿಸ್ಕತ್ತು ಅದ್ದಿಕೊಳ್ಳುತ್ತಿದ್ದರು. ಪೇಪರಿನಲ್ಲಿ ವಧೂವರರ ಜಾಹೀರಾತುಗಳನ್ನು ಮೊದಲು ಓದಿ, ಯಾವ ಹುಡುಗಿ ಯಾವ ಹುಡುಗನಿಗೆ ಸರಿಹೋಗುತ್ತಾಳೆಂದು ಪೆನ್ನಿನಿಂದ ಗೆರೆ ಎಳೆದು ಜೋಡಿ ಮಾಡುತ್ತಿದ್ದರು.

ಅವರು ಗ್ಯಾಸಿನ ಮಾತ್ರೆಯ ವಿಷಯದಲ್ಲಿ ಯಾಕೆ ಹಾಗೆ ಎಂಬುದು ನನಗೆ ತಿಳಿದದ್ದು ಮೂರನೆಯ ವರ್ಷ. ಅವತ್ತು ಒಬ್ಬ ಹೆಂಗಸು ದವಡೆ ನೋವಿಗೆ ಮಾತ್ರೆ ಕೇಳಿದರು. ನಾನು ಹಲ್ಲು ನೋವಿನದು ಎಂದುಕೊಂಡು ತೆಗೆಯಲು ಹೋದೆ. ಸರ್ ಒಳಗಿನಿಂದ ಬಂದು ಪ್ರಶ್ನೆ ಶುರುಮಾಡಿದರು. ಪಾಪ, ಅವರದು ಹಲ್ಲಿನ ನೋವೇ ಆಗಿತ್ತು. ಬಾಯಿ ತೆರೆದು ಹುಳುಕು ಹಲ್ಲು ತೋರಿಸಿದರು. ಅವರು ಹೋದ ಮೇಲೆ ಸರ್ ಕಪಾಟಿನ ಕಡೆ ತಿರುಗಿದರು. ಆಮೇಲೆ ಔಷಧಿ ಡಬ್ಬಿಗಳನ್ನು ಜೋಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು.

ಅಂಗಡಿ ತೆರೆದ ಹೊಸತು. ಜಡೆ ಕಡೆಯ ಒಬ್ಬ ಹೆಂಗಸು ಸಂತೆಗೆಂದು ಬಂದವರು ಮಧ್ಯಾಹ್ನ ಅಂಗಡಿಗೆ ಬಂದಿದ್ದರು. ಹೊಟ್ಟೆಯ ಮೇಲ್ಭಾಗ ಉರಿ, ದವಡೆ ಸೆಳೆತ, ಸುಸ್ತು. ನಲವತ್ತೈದು ಐವತ್ತರ ಆಸುಪಾಸು. ಶುಗರಿನ ಮಾತ್ರೆಯನ್ನು ಇದೇ ಅಂಗಡಿಯಿಂದ ಒಯ್ಯುತ್ತಿದ್ದವರು.

"ಎದೆ ಅಂತ ಬಾಯೇ ಬಿಡ್ಲಿಲ್ಲ ಆಯಮ್ಮ. ಸೆರಗಲ್ಲಿ ಮುಖ ಒರೆಸ್ಕತಾನೇ ಇದ್ರು. ನೋಡ್ದೆ ನಾನು. ಬಿಸಿಲಿಗೆ ಅಂದ್ಕಂಡೆ. ಗ್ಯಾಸಿಗೊಂದು, ಹಲ್ಲಿಗೊಂದು ಮಾತ್ರೆ ಕೊಟ್ಟೆ. 'ಏನಿಲ್ಲಮ್ಮ, ಮಜ್ಜಿಗೆ ಕುಡಿದು ಮಲಕ್ಕಳಿ' ಅಂದೆ. ಬಸ್ಸು ಹತ್ತಿದ್ರು. ಊರು ಬಂದಾಗ ಕಂಡಕ್ಟ್ರು ಎಬ್ಸಿದ್ರೆ ಏಳ್ಲಿಲ್ಲ."

ಅವರು ಇನ್ನೊಂದು ಡಬ್ಬಿ ತೆಗೆದು ಕಪಾಟಿನಲ್ಲಿಟ್ಟರು.

"ಹದಿನೈದು ದಿನ ಅಂಗಡಿ ತೆಗೀಲಿಲ್ಲ. ಆಮೇಲೆ ಅವರ ಮನೆಗೆ ಹೋದೆ. ಆಯಮ್ಮನ ಯಜಮಾನ್ರು ಭತ್ತ ಒಣಗ್ಸ್ತಿದ್ರು. ಹಿಂಗಿಂಗೆ, ಮಾತ್ರೆ ಕೊಟ್ಟು ಕಳಿಸಿದ್ದು ನಾನೇ ಅಂದೆ. ಹೊಡೀತಾರೆ ಅಂತ ಹೋಗಿದ್ದೆ. ಹೊಡದಿದ್ರೆ ಹಗುರಾಗ್ತಿತ್ತೇನೋ. ಅವರು ಭತ್ತ ಕೆದಕೋದು ಬಿಟ್ಟು ಕೂತ್ಕಂಡ್ರು. ಆಮೇಲೆ, 'ಬೆಳಿಗ್ಗೆ ನಂಗೂ ಹೇಳಿದ್ಲು ಕಣ್ರಿ, ನಾನೂ ಗ್ಯಾಸು ಅಂತ್ಲೇ ಅಂದೆ. ನೀವೊಬ್ರೇ ಅಲ್ಲ' ಅಂದ್ರು. ಒಳಗೆ ಹೋಗಿ ನೀರು ತಂದ್ಕೊಟ್ರು."

ಅದನ್ನು ಅವರು ಮತ್ತೆಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಂದಿನಿಂದ ಯಾರಾದರೂ 'ಇಸಿಜಿ' ಎಂದು ನಕ್ಕರೆ ನನಗೆ ನಗು ಬರುತ್ತಿರಲಿಲ್ಲ.

ಈಗ ನನ್ನ ಅಪ್ಪನ ವಿಷಯ ಹೇಳಬೇಕು.

ನನ್ನ ತವರು ಬಳ್ಳಿಗಾವಿ. ಮದುವೆಯಾದ ಮೇಲೆ ನಾನು ಶಿಕಾರಿಪುರದಿಂದ ದಿನಾ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಅಪ್ಪನಿಗೆ ಊರ ಹತ್ತಿರ ಮೂರು ಎಕರೆ ಹೊಲ. ಅದರ ಪೂರ್ವದ ಗಡಿಯ ಬಗ್ಗೆ ಪಕ್ಕದ ಹೊಲದವರೊಂದಿಗೆ ತಕರಾರಿತ್ತು. ಸರ್ಕಾರದ ಸರ್ವೇಯರ್ ಬಂದು ಅಳೆದು ಗಡಿ ಗುರುತಿಸುವ ಕೆಲಸಕ್ಕೆ, ಅಂದರೆ ಹದ್ದುಬಸ್ತಿಗೆ, ಅಪ್ಪ ಅರ್ಜಿ ಹಾಕಿ ಎರಡು ವರ್ಷ ಕಾದಿದ್ದರು. ಒಂದು ಸಲ ದಿನ ಗೊತ್ತಾಗಿ ಮಳೆಗೆ ತಪ್ಪಿಹೋಗಿತ್ತು.

ಅವತ್ತು ಬೆಳಿಗ್ಗೆ ಹತ್ತೂವರೆಗೆ ಅಪ್ಪ ಫೋನು ಮಾಡಿದರು.

"ಏನಿಲ್ಲವ್ವ. ನಿನ್ನೆ ಗೊಬ್ಬರದ ಚೀಲ ಎತ್ತಿದ್ದೆ, ಎಡಗಡೆ ಭುಜ ಹಿಡ್ಕಂಡೈತೆ. ಎದಿ ಒಂಥರಾ ಭಾರ ಆಗೈತೆ. ಯಾವ್ದಾರ ಮುಲಾಮು ಇದ್ರೆ ಹೇಳು, ಶಿರಾಳಕೊಪ್ಪದಿಂದ ತರಿಸ್ಕಂತೀನಿ."

ಬೇರೆ ಯಾರಾದರೂ ಕೌಂಟರಿನ ಆಚೆ ನಿಂತು ಇದೇ ಮಾತು ಹೇಳಿದ್ದರೆ ನಾನು ಸ್ಟೂಲು ಎಳೆಯುತ್ತಿದ್ದೆ. ಹೇಳಿದವರು ಅಪ್ಪ. "ಈ ವಯಸ್ಸಲ್ಲಿ ಚೀಲ ಎತ್ತು ಅಂತ ಯಾರು ಹೇಳಿದ್ರು?" ಎಂದು ಬೈದೆ. "ಬೆವರಾ? ಬಿಸಿಲಲ್ಲಿ ಓಡಾಡಿರ್ತೀಯ" ಎಂದೆ. "ಬಿಸಿನೀರಿನ ಶಾಖ ಕೊಡು, ಮುಲಾಮು ಹಚ್ಚಿ ಮಲಕ್ಕೋ" ಎಂದು ಮುಲಾಮಿನ ಹೆಸರೂ ಹೇಳಿದೆ.

ಸರ್ ಕಪಾಟಿನ ಹತ್ತಿರ ನಿಂತಿದ್ದರು. ಅವರಿಗೆ ಕೇಳಿಸಿದ್ದು ನನ್ನ ಮಾತುಗಳು ಮಾತ್ರ. ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟು, "ಫೋನು ಕೊಡಿಲ್ಲಿ ತಂಗಿ" ಎಂದರು. ಕೊಟ್ಟೆ. ಅವರು ಸ್ಪೀಕರ್ ಒತ್ತಿದರು.

"ನಮಸ್ಕಾರ್ರೀ, ನಾನು ನಿಮ್ಮ ಮಗಳ ಅಂಗಡಿಯವ. ಎಲ್ಲಿದೀರಿ ಈಗ?"

"ಮನೆ ಕಟ್ಟೆ ಮ್ಯಾಲೆ ಅದೀನ್ರಿ."

"ನೋವು ಎಷ್ಟೊತ್ತಿಂದ?"

"ಬೆಳಿಗ್ಗೆ ಎದ್ದಾಗಿಂದ. ಹೋಗ್ತೈತೆ, ಬರ್ತೈತೆ. ಈಗ ಅರ್ಧ ಗಂಟೆಯಿಂದ ಹೋಗವಲ್ದು."

"ಭುಜ ತಿರುಗಿಸಿದ್ರೆ ಜಾಸ್ತಿ ಆಗ್ತದಾ?"

ಅಪ್ಪ ತಿರುಗಿಸಿ ನೋಡಿದರೆಂದು ಕಾಣುತ್ತದೆ. "ಇಲ್ರಿ, ಹಂಗೇ ಐತೆ. ಅಂಗಿ ತೊಯ್ದೈತೆ ನೋಡ್ರಿ, ಬೆವರಿಗೆ."

ಸರ್ ನನ್ನ ಕಡೆ ನೋಡಲಿಲ್ಲ. "ಸರಿ. ಈಗ್ಲೇ ಶಿರಾಳಕೊಪ್ಪದ ಆಸ್ಪತ್ರೆಗೆ ಹೋಗ್ಬೇಕು ನೀವು. ಈಗ ಅಂದ್ರೆ ಈಗ."

"ಇವತ್ತಾಗಲ್ರಿ. ಹನ್ನೆರಡಕ್ಕೆ ಸರ್ವೇರ್ ಬರ್ತಾರೆ. ಎರಡು ವರ್ಷ ಕಾದೀನಿ. ನಾನು ಇಲ್ಲಂದ್ರೆ ಅರ್ಜಿ ವಜಾ ಮಾಡಿ ಹೋಗ್ತಾರೆ. ಸಂಜಿಗೆ ಹೋಗ್ತೀನಿ, ಖಂಡಿತ."

"ಅಪ್ಪ" ಎಂದು ನಾನು ಕೂಗಿದೆ. ಸರ್ ಕೈ ಎತ್ತಿ ನನ್ನನ್ನು ತಡೆದರು. ಹೃದಯ, ಪ್ರಾಣ, ಅಪಾಯ ಎಂಬ ಯಾವ ಮಾತನ್ನೂ ಅವರು ಆಡಲಿಲ್ಲ.

"ಹೊಲ ಎಲ್ಲಿದೆ?"

"ಊರಿಂದ ಕೆರೆ ದಾರೀಲಿ. ಯಾಕ್ರೀ?"

"ನಾನು ಬಂದು ನಿಂತ್ಕಂತೀನಿ. ನೀವು ಆಸ್ಪತ್ರೆಗೆ ಹೋಗಿ, ನಾನು ಹೊಲಕ್ಕೆ ಹೋಗ್ತೀನಿ."

ಅಪ್ಪ ನಕ್ಕರು. "ನೀವಾ? ನೀವು ಯಾರು ಅಂತ ಕೇಳಿದ್ರೆ ಏನ್ ಹೇಳ್ತೀರಿ?"

"ನಿಮ್ಮ ಕಡೆಯವ ಅಂತೀನಿ. ಕುರಿ ಕಾದ ಮನೆಯವ ಕಣ್ರಿ ನಾನು, ಗಡಿ ಜಗಳ ಎಷ್ಟು ನೋಡೀನಿ. ಪಹಣಿ, ನಕಾಶೆ, ನೋಟೀಸು ಎಲ್ಲಾ ಒಂದು ಚೀಲಕ್ಕೆ ಹಾಕಿ ಪಕ್ಕದ ಮನೇಲಿ ಕೊಟ್ಟಿರಿ. ನೀವು ಮಾತ್ರ ಕೂತಲ್ಲಿಂದ ಏಳ್ಬೇಡಿ. ಚೀಲ ಹುಡುಕಕ್ಕೂ ಏಳ್ಬೇಡಿ. ಫೋನು ಅಮ್ಮಾರಿಗೆ ಕೊಡ್ರಿ."

ಅಮ್ಮನಿಗೆ ಅವರು ಒಂದೊಂದಾಗಿ ಹೇಳಿದರು. ಪಕ್ಕದ ಮನೆಯ ಓಮ್ನಿ ಇದ್ದರೆ ಅದು, ಇಲ್ಲದಿದ್ದರೆ ನೂರಾ ಎಂಟು. ಬೈಕು ಬೇಡ. ನಡೆಸುವುದು ಬೇಡ. ತಿನ್ನಲು ಏನೂ ಕೊಡಬೇಡಿ. ಆಸ್ಪತ್ರೆಯಲ್ಲಿ 'ಭುಜ ನೋವು' ಎನ್ನಬೇಡಿ, 'ಎದೆ ಭಾರ, ಬೆವರು' ಎಂದು ಬಾಗಿಲಲ್ಲೇ ಹೇಳಿ. ಓಮ್ನಿ ಮನೆಯ ಮುಂದೆ ಬಂದ ಸದ್ದು ಕೇಳಿಸುವವರೆಗೂ ಫೋನು ಇಡಲಿಲ್ಲ.

ಆಮೇಲೆ ಶಟರ್ ಎಳೆದರು. ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಆನವಟ್ಟಿ ರಸ್ತೆಯ ತಿರುವು ದಾಟುವವರೆಗೂ ನಾನು ಅಳು ತಡೆದುಕೊಂಡಿದ್ದೆ.

"ನಾನೇ ಕೇಳ್ಬೇಕಿತ್ತು ಸರ್. ದಿನಾ ಊರವರಿಗೆಲ್ಲ ಕೇಳ್ತೀನಿ."

"ನಮ್ಮನೆಯವರ ನೋವು ಅಂದ್ರೆ ಅದು ಗ್ಯಾಸೇ ಆಗಿರ್ಲಿ, ಚೀಲ ಎತ್ತಿದ್ದೇ ಆಗಿರ್ಲಿ ಅನ್ಸ್ತದೆ ತಂಗಿ" ಎಂದರು. "ಅದು ದಡ್ಡತನ ಅಲ್ಲ, ಆಸೆ. ಅದಕ್ಕೇ ಇನ್ನೊಬ್ರು ಕೇಳ್ಬೇಕು."

ಶಿರಾಳಕೊಪ್ಪದಲ್ಲಿ ಇಳಿದು ನಾನು ಆಸ್ಪತ್ರೆಗೆ ಓಡಿದೆ. ಅವರು ಬಳ್ಳಿಗಾವಿಗೆ ಆಟೋ ಹಿಡಿದರು. ಆಸ್ಪತ್ರೆಯಲ್ಲಿ ಆಗಲೇ ಇಸಿಜಿ ಆಗಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೃದಯಾಘಾತ ಎಂದರು. ಕೊಡಬೇಕಾದ ಔಷಧಿ ಕೊಟ್ಟು, ಶಿವಮೊಗ್ಗಕ್ಕೆ ಆಂಬ್ಯುಲೆನ್ಸ್ ಸಿದ್ಧ ಮಾಡಿಸಿದ್ದರು. ಬೇಗ ಬಂದಿರಿ ಎಂದರು. ನನಗೆ ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಸ್ಟ್ರೆಚರಿನ ಮೇಲೆ ಮಲಗಿದ್ದ ಅಪ್ಪ ಆಮ್ಲಜನಕದ ಮಾಸ್ಕ್ ಸರಿಸಿ ಕೇಳಿದ್ದು ಒಂದೇ ಮಾತು: "ಅವ್ರು ಹೊಲ ಮುಟ್ಟಿದ್ರಾ?"

ಶಿವಮೊಗ್ಗದಲ್ಲಿ ಸಂಜೆಯೊಳಗೆ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಅಪ್ಪ ಉಳಿದರು.

ಹೊಲದಲ್ಲಿ ಏನಾಯಿತೆಂಬುದನ್ನು ನಾವು ಕೇಳಿದ್ದು ಆಮೇಲೆ, ಅದೂ ತಕರಾರಿನ ಎದುರುಪಕ್ಷದವರ ಬಾಯಿಂದ. ಸರ್ವೇಯರ್ ಬಂದಾಗ ಬದುವಿನ ಮೇಲೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಪರಿಚಿತರೊಬ್ಬರು ಕಾಗದಪತ್ರಗಳ ಚೀಲ ಎದೆಗವಚಿಕೊಂಡು ನಿಂತಿದ್ದರಂತೆ. "ಅರ್ಜಿದಾರರು ಎಲ್ಲಿ?" ಎಂದರೆ "ಆಸ್ಪತ್ರೇಲಿ". "ನೀವು ಏನಾಗ್ಬೇಕು?" ಎಂದರೆ, "ಏನೂ ಆಗ್ಬೇಕಿಲ್ಲ. ಅವರ ಮುಖಾನೂ ನೋಡಿಲ್ಲ ನಾನು. ಬರ್ತೀನಿ ಅಂತ ಮಾತು ಕೊಟ್ಟಿದ್ದೆ." ಖುದ್ದು ಮಾಲೀಕರಿಲ್ಲದೆ ಅಳೆಯಲು ಬರುವುದಿಲ್ಲ, ಗೈರುಹಾಜರಿ ಎಂದು ಬರೆಯಬೇಕಾಗುತ್ತದೆ ಎಂದು ಸರ್ವೇಯರ್ ಹೇಳಿದರು. ಸರ್ ಅದಕ್ಕೆ ವಾದ ಮಾಡಲಿಲ್ಲ. ಪಕ್ಕದ ಹೊಲದವರ ಕಡೆ ತಿರುಗಿ, "ಅವರು ಈಗ ಆಂಬ್ಯುಲೆನ್ಸಲ್ಲಿ ಮಲಗಿದಾರೆ. ನೀವೂ ಒಂದು ಮಾತು ಹೇಳಿದ್ರೆ ಆಗ್ತಿತ್ತು" ಎಂದರಂತೆ.

"ನನ್ನ ಮಾತು ಯಾಕೆ ಕೇಳಿದ್ರೋ ಗೊತ್ತಿಲ್ಲ" ಎಂದು ಪಕ್ಕದ ಹೊಲದವರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದರು. ವರ್ಷಗಳ ಮೇಲೆ ಅವರು ನಮ್ಮ ಕಟ್ಟೆ ಹತ್ತಿದ್ದು ಅದೇ ಮೊದಲು. "ನಂಗೂ ಏನೋ ಆಯ್ತು. 'ಅವ ಬರ್ಲಿ ಸಾರ್, ಎದ್ದು ಬಂದ್ಮ್ಯಾಲೆ ಅಳೀರಿ, ನಾನೂ ಕಾಯ್ತೀನಿ' ಅಂತ ಬರೆದು ಸೈನ್ ಹಾಕ್ಕೊಟ್ಟೆ."

ಎರಡು ತಿಂಗಳ ಮೇಲೆ ಅಳತೆಯಾಯಿತು. ಗಡಿ ಅಪ್ಪ ಹೇಳಿದ ಕಡೆಯೂ ಬರಲಿಲ್ಲ, ಅವರು ಹೇಳಿದ ಕಡೆಯೂ ಬರಲಿಲ್ಲ. ಇಬ್ಬರೂ ಒಪ್ಪಿಕೊಂಡರು.

ನಡೆಯಲು ಡಾಕ್ಟರು ಒಪ್ಪಿದ ಮೇಲೆ ಅಪ್ಪ ಸೊರಬಕ್ಕೆ ಬಂದರು. ಇಬ್ಬರೂ ಮೊದಲ ಸಲ ಮುಖ ನೋಡಿದ್ದು ಅವತ್ತೇ. ಅಪ್ಪ ಬಹಳ ಮಾತು ತಯಾರಿ ಮಾಡಿಕೊಂಡು ಬಂದಿದ್ದರು. ಸ್ಟೂಲಿನ ಮೇಲೆ ಕೂತವರು ಒಂದನ್ನೂ ಆಡಲಿಲ್ಲ. ಸರ್ ಕೂಡ ಈ ಸಲದ ಮೆಕ್ಕೆಜೋಳ ಹೇಗೆ ಎಂದು ಕೇಳಿದರು, ಅಷ್ಟೇ. ಹೊರಡುವಾಗ ಅಪ್ಪನ ಮಾತ್ರೆಗಳ ಕವರಿನ ಮೇಲೆ ಹುಂಜ, ಚಂದ್ರ ಬರೆದುಕೊಟ್ಟರು. ಅಪ್ಪನಿಗೆ ಚೆನ್ನಾಗಿ ಓದಲು ಬರುತ್ತದೆ. ಆದರೂ ಆ ಕವರನ್ನು ಪಹಣಿಯ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.

ಮೂರು ವರ್ಷದ ಹಿಂದೆ ನಾನು ಶಿಕಾರಿಪುರದಲ್ಲಿ ಸ್ವಂತ ಅಂಗಡಿ ಇಟ್ಟೆ. ಉದ್ಘಾಟನೆಯ ದಿನ ಸರ್ ಒಂದು ಗಂಟೆ ಮುಂಚೆಯೇ ಬಂದು, ಕೌಂಟರಿನ ಹಲಗೆಯನ್ನು ಎತ್ತಿ ಇಳಿಸಿ ನೋಡಿದರು. "ಬಿಗಿ ಆಯ್ತು. ಒಂದೇ ಕೈಲಿ ಎತ್ತಂಗಿರ್ಬೇಕು. ಇನ್ನೊಂದು ಕೈಲಿ ಜನ ಹಿಡ್ಕಬೇಕಾಗ್ತದೆ" ಎಂದು ಬಡಗಿಯನ್ನು ಕರೆಸಿ ಸರಿ ಮಾಡಿಸಿದರು. ಸಿಹಿ ತಿಂದದ್ದು ಅದಾದ ಮೇಲೆ.

ಅವರ ಸಾವಿನ ಸುದ್ದಿ ಬಂದಾಗ ದುಃಖಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಎದೆನೋವಿನಿಂದಲೇ ಎಂದು ತಿಳಿದಾಗ ಇನ್ನೂ ಹೆಚ್ಚಾಯಿತು. ಊರಿಗೆಲ್ಲ ಹೇಳಿ ತಾವು ಮನೆಯಲ್ಲಿ ಕೂತಿದ್ದರೇ? ಮೂರನೆಯ ದಿನ ಸೊರಬಕ್ಕೆ ಹೋಗಿ ಅವರ ಹೆಂಡತಿಯ ಹತ್ತಿರ ಕೂತೆ. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಕೇಳಲಾರದೆ ಕೇಳಿದೆ: "ತಡ ಮಾಡಿದ್ರಾ ಅಕ್ಕ?"

"ಅವರಾ?" ಎಂದರು ಅಕ್ಕ. "ಬೆಳಿಗ್ಗೆ ಗಡ್ಡ ಮಾಡ್ಕಂತಿದ್ರು. ಒಂದು ಕಡೆ ಆಗಿತ್ತು, ಇನ್ನೊಂದು ಕಡೆ ಸೋಪು ಹಂಗೇ ಇತ್ತು. ಬ್ಲೇಡು ಇಟ್ಟು, 'ಬಂತು ಕಣೇ, ನಡಿ ಹೋಗಣ' ಅಂದ್ರು. ಸೋಪು ಒರೆಸ್ಕಳ್ರಿ ಅಂದ್ರೆ ಆಟೋದಲ್ಲಿ ಒರೆಸ್ಕಂತೀನಿ ಅಂದ್ರು. ಹತ್ತು ನಿಮಿಷ ಆಗ್ಲಿಲ್ಲ ತಂಗಿ, ಆಸ್ಪತ್ರೇಲಿದ್ವಿ."

ಶಿವಮೊಗ್ಗಕ್ಕೂ ಹೊತ್ತಿಗೆ ಸರಿಯಾಗಿಯೇ ಮುಟ್ಟಿದ್ದರು. ಮಾಡಬೇಕಾದ್ದೆಲ್ಲ ಆಗಿತ್ತು. ಆದರೂ ಹೃದಯಕ್ಕೆ ಬಿದ್ದ ಪೆಟ್ಟು ದೊಡ್ಡದಿತ್ತು. ಎರಡನೆಯ ದಿನ ಸಂಜೆ ಮತ್ತೆ ಏರುಪೇರಾಗಿ ಹೋದರು.

"ಎಲ್ಲಾ ಸರಿಯಾಗೇ ಮಾಡಿದ್ರಲ್ಲ ಅಕ್ಕ" ಎಂದೆ. "ಅಷ್ಟು ಬೇಗ ಹೋಗಿದ್ದಕ್ಕೆ ಏನು ಸಿಕ್ತು?"

"ಎರಡು ದಿನ ಸಿಕ್ತು" ಎಂದರು ಅಕ್ಕ.

ಅವರೇ ಮುಂದುವರಿಸಿದರು. "ಎರಡ್ನೇ ದಿನ ಬೆಳಿಗ್ಗೆ ಚೆನ್ನಾಗಿದ್ರು. ಉಳಿದರ್ಧ ಗಡ್ಡ ತೆಗಿ ಅಂದ್ರು. ರಕ್ತ ತೆಳುಮಾಡೋ ಔಷಧಿ ಕೊಟ್ಟಿದೀವಿ, ಬ್ಲೇಡ್ ಬೇಡ ಅಂತ ನರ್ಸಮ್ಮ ಕೂದಲು ತೆಗಿಯೋ ಮಿಷನ್ನು ತಂದ್ಕೊಟ್ಲು. ಮದುವೆಯಾಗಿ ಮೂವತ್ತೆಂಟು ವರ್ಷ, ಅವರ ಗಡ್ಡಕ್ಕೆ ನಾನು ಕೈ ಹಾಕಿದ್ದು ಅವತ್ತೇ. ಮಿಷನ್ನು ಜಾರಿ ಒಂದು ಕಡೆ ಮೀಸೆ ಅರ್ಧ ಹೋಯ್ತು. ಕನ್ನಡಿ ಕೊಡು ಅಂದ್ರು. ಕೊಡ್ಲಿಲ್ಲ ನಾನು. ಕೈಯಲ್ಲಿ ಮುಟ್ಟಿ ನೋಡ್ಕಂಡು ನಗಾಡಿದ್ರು, ನಂಗೂ ತಡೀಲಿಲ್ಲ. ನರ್ಸಮ್ಮ ಬಂದು, ಅಜ್ಜ ಅಜ್ಜಿ ಸುಮ್ನಿರ್ರಿ ಅಂತ ಬೈದ್ಲು."

ಹೇಳುವಾಗ ಅಕ್ಕನ ಎಡಗೈ ಯಾರದೋ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುವಂತೆ ಮೇಲೆದ್ದಿತ್ತು. ಮಾತು ನಿಂತ ಮೇಲೂ ಅವರು ಅದನ್ನು ಇಳಿಸಲಿಲ್ಲ.